ಯಂಗವ್ವನ ಮಾತಿನ ಮೀಟರು

ಮನೆಗೆ ಎಷ್ಟು ಕರೆಂಟು ಬಂತು, ಎಷ್ಟು ನೀರು ಬಂತು ಎಂದು ಅಳೆಯಲು ಮೀಟರಿದೆ. ಮಗುವಿನ ಕಿವಿಗೆ ಎಷ್ಟು ಮಾತು ಬಿತ್ತು ಎಂದು ಅಳೆಯಲು ಯಾಕಿರಬಾರದು? ಈ ಪ್ರಶ್ನೆ ಮೃತ್ಯುಂಜಯನ ತಲೆಗೆ ಹೊಕ್ಕಿದ್ದು ಬಚ್ಚಲುಮನೆಯಲ್ಲಿ, ತಲೆಗೆ ಎರಡು ತಂಬಿಗೆ ನೀರು ಹಾಕಿಕೊಳ್ಳುವ ನಡುವೆ. ಬೇರೆ ಯಾರಿಗಾದರೂ ಹೊಳೆದಿದ್ದರೆ ಮೂರನೆಯ ತಂಬಿಗೆಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಆದರೆ ಅವನು ಎಂಜಿನಿಯರು. ಎಂಜಿನಿಯರನ ತಲೆಗೆ ಹೊಕ್ಕಿದ್ದು ಹೊರಗೆ ಬರುವಾಗ ತಂತಿ, ಬ್ಯಾಟರಿ ಸಮೇತ ಬರುತ್ತದೆ.

ಇದು ಈಗಿನ ಮಾತಲ್ಲ, ಇನ್ನೊಂದು ಇಪ್ಪತ್ತು ವರ್ಷ ಮುಂದಿನದು. ಅಷ್ಟು ಹೊತ್ತಿಗೆ ನಮ್ಮ ಊರುಗಳಲ್ಲಿ ಒಂದೇ ಭಾಷೆಯ ಮನೆ ಸಿಗುವುದು ಅಪರೂಪವಾಗಿತ್ತು. ಗಂಡ ಕಲಬುರಗಿಯವನು, ಹೆಂಡತಿ ಅಸ್ಸಾಮಿನವಳು, ಮಗು ಆಡಿಸುವವಳು ಒಡಿಶಾದವಳು, ಮಗು ಮಾತ್ರ ಯಾರ ಕಡೆಗೂ ಸೇರದೆ ಬೆರಳು ಚೀಪುತ್ತ ಕೂತಿರುವುದು. ಇಂಥ ಮನೆಯ ಮಕ್ಕಳಿಗೆ ಮಾತು ಹೇಗೆ ಹತ್ತಿಸಬೇಕು, ಅಕ್ಷರ ಹೇಗೆ ಹತ್ತಿಸಬೇಕು ಎಂದು ನೋಡಲೆಂದೇ ಧಾರವಾಡದ ಗುಡ್ಡದ ಮೇಲೆ ಬಾಲನುಡಿ ಕೇಂದ್ರವೊಂದು ಎದ್ದಿತ್ತು. ಮೃತ್ಯುಂಜಯ ಅಲ್ಲಿ ಎಂಟು ವರ್ಷದಿಂದ ಇದ್ದ.

ಅವನು ಮಾಡಿದ್ದು ಅಂಗಿಯ ಗುಂಡಿಯಷ್ಟೇ ದೊಡ್ಡ ಯಂತ್ರ. ಕೇಂದ್ರ ಅದಕ್ಕೆ ಇಟ್ಟ ಹೆಸರು ನುಡಿಮಾಪಕ, ಜನ ಕರೆದದ್ದು ಮಾತಿನ ಮೀಟರು. ಮಗುವಿನ ಅಂಗಿಗೆ ಚುಚ್ಚಿದರೆ ಸಾಕು, ಎರಡು ಮಾರು ದೂರದೊಳಗೆ ಯಾರು ಬಾಯಿ ಬಿಟ್ಟರೂ ಕೇಳಿಸಿಕೊಳ್ಳುತ್ತಿತ್ತು. ಧ್ವನಿಯನ್ನು ಅಲ್ಲೇ ಅಳಿಸಿ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತಿತ್ತು: ಎಷ್ಟು ಬಾಯಿ, ಯಾವ ಯಾವ ಭಾಷೆ, ಎಷ್ಟು ಪದ, ಹೆಚ್ಚು ಬಿದ್ದ ಮಾತು ಯಾವುದು. ಬೆಳಿಗ್ಗೆ ಏಳಕ್ಕೆಲ್ಲ ಆ ಲೆಕ್ಕ ಕೇಂದ್ರದ ಗೋಡೆಯ ಮೇಲಿನ ಪರದೆಯಲ್ಲಿ ಮನೆಗೊಂದು ಗೆರೆಯಾಗಿ ಮೂಡುತ್ತಿತ್ತು.

ಮೀಟರಿನ ಜೊತೆಗೆ ಎರಡು ನಿಯಮಗಳು. ಎರಡನ್ನೂ ಬರೆದವನು ಮೃತ್ಯುಂಜಯನೇ. ಮೊದಲನೆಯದು, ಒಂದು ಬಾಯಿಗೆ ಒಂದೇ ಭಾಷೆ. ಒಬ್ಬರು ಎರಡು ಭಾಷೆ ಬೆರೆಸಿದರೆ ಮೀಟರು ಕೊಂಯ್ ಎನ್ನುವುದು. ಎರಡನೆಯದು ಖಾರದ್ದು. ಮೂರು ತುಂಬಿದ ದಿನ ಮಗು ಐವತ್ತು ಪದ ಆಡದಿದ್ದರೆ ಆ ಮನೆಗೆ ಏಕಭಾಷಾ ಆದೇಶ. ಆರು ವರ್ಷ ತುಂಬುವವರೆಗೆ ಮಗುವಿನ ಮುಂದೆ ಶಾಲೆಯ ಭಾಷೆಯೊಂದೇ, ಉಳಿದವು ಗಂಟು ಕಟ್ಟಿ ಅಟ್ಟಕ್ಕೆ. ಅದು ಚೆನ್ನಾಗಿ ಬಾರದವರು ಮಗುವಿನಿಂದ ದೂರ ಇರಬೇಕು. ಬರೆಯುವಾಗ ಅವನ ಕಣ್ಣ ಮುಂದೆ ಇದ್ದದ್ದು ಮಂದಿಯ ಮಕ್ಕಳು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಆ ಹಲ್ಲಿಗೂ ಬೀಳುವವರೆಗೆ ಗೊತ್ತಿರಲಿಲ್ಲ.

ಅವನ ಹೆಂಡತಿ ದೆಚೆನ್ ನರ್ಸು. ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು, ಕನ್ನಡ ಅವಳಿಗೆ ನೀರು ಕುಡಿದಷ್ಟು ಸಲೀಸು. ಅವಳ ತಾಯಿ ಪಸಾಂಗ್ ನಲವತ್ತು ವರ್ಷದಿಂದ ಚಳಿಗಾಲ ಬಂತೆಂದರೆ ಹುಬ್ಬಳ್ಳಿಯ ರಸ್ತೆ ಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುವ ಹೆಂಗಸು. ಆ ನಾಲ್ಕು ತಿಂಗಳು ಧಾರವಾಡದ ಮಗಳ ಮನೆಯಲ್ಲಿ ವಸತಿ, ಬೆಳಿಗ್ಗೆ ಬಸ್ಸು ಹತ್ತಿ ಹುಬ್ಬಳ್ಳಿಗೆ, ಸಂಜೆ ವಾಪಸು. ಮೃತ್ಯುಂಜಯನ ತಾಯಿ ಬಸಲಿಂಗವ್ವ ಅದೇ ಮನೆಯ ಯಜಮಾನತಿ. ಮೊಮ್ಮಗಳಿಗೆ ಪಸಾಂಗ್ ಇಟ್ಟ ಹೆಸರು ಯಾಂಗ್ಚೆನ್. ಅವರ ಕಡೆ ಸರಸ್ವತಿಗೆ ಹಾಗೆನ್ನುತ್ತಾರಂತೆ. ಬಸಲಿಂಗವ್ವನ ಬಾಯಿಗೆ ಬಿದ್ದು ಅದು ಎರಡೇ ದಿನದಲ್ಲಿ ಯಂಗವ್ವ ಆಯಿತು. ಯಂಗವ್ವನಿಗೆ ಬಸಲಿಂಗವ್ವ ಆಯಿ, ಪಸಾಂಗ್ ಮೋಲಾ, ಹೆತ್ತವಳು ಆಮಾ. ಸರಸ್ವತಿಯ ಹೆಸರಿಟ್ಟುಕೊಂಡ ಈ ಹುಡುಗಿಗೆ ಎರಡೂ ಮುಕ್ಕಾಲು ವರ್ಷವಾದರೂ ಐದಾರು ಪದದ ಮೇಲೆ ಮಾತು ಹತ್ತಿರಲಿಲ್ಲ.

ಮಗಳಿಗೆ ಎರಡು ತುಂಬಿದಾಗಿನಿಂದ ಒಂದಲ್ಲ ಒಂದು ಮಾದರಿಯ ಮೀಟರು ಅವಳ ಅಂಗಿಯ ಮೇಲಿತ್ತು. ಅಂದಿನಿಂದ ಮೃತ್ಯುಂಜಯ ಒಂದು ವ್ರತ ಹಿಡಿದಿದ್ದ. ತೂಗುವವನು ತಾನೇ ತಕ್ಕಡಿಯಲ್ಲಿ ಕೂರಬಾರದು, ಅಳೆಯುವವನು ಅಳತೆ ಕೆಡಿಸಬಾರದು. ಅದಕ್ಕೇ ಮಗಳ ಹತ್ತಿರ ಬಂದಾಗ ಅವನು ತುಟಿ ಬಿಚ್ಚುತ್ತಿರಲಿಲ್ಲ. ಬರುವುದು, ಬಗ್ಗಿ ಮೀಟರು ನೋಡುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು, ಹೋಗುವುದು. ಕರೆಂಟಿನ ಮೀಟರು ನೋಡಲು ಬರುವವನಾದರೂ ಬಾಗಿಲಲ್ಲಿ ನೀರು ಕೇಳುತ್ತಾನೆ.

ಕೊಂಯ್ ಎನ್ನುವ ಹೊಸ ಮೀಟರು ಬಂದದ್ದು ಆ ವರ್ಷದ ಚಳಿಗಾಲದಲ್ಲಿ, ಪಸಾಂಗ್ ಗಂಟು ಹೊತ್ತು ಬಂದ ವಾರವೇ.

“ಯಂಗವ್ವಾ, ಶೋಕ್. ಬೆಣ್ಣಿ ಹಚ್ಚೇನಿ, ರೊಟ್ಟಿ ಸೋ,” ಎಂದು ಬಸಲಿಂಗವ್ವ ತಟ್ಟೆ ಹಿಡಿದು ಕರೆದಳು. ಶೋಕ್ ಅಂದರೆ ಬಾ, ಸೋ ಅಂದರೆ ತಿನ್ನು. ಬೀಗತಿಯಿಂದ ಕಲಿತದ್ದು.

ಮೀಟರು ಕೊಂಯ್ ಎಂದಿತು.

“ಏನಪಾ ಮುತ್ತು ಇದು, ಎಮ್ಮಿಕರ ಒದರಿದಂಗ?”

“ಅವ್ವಾ, ನೀ ಕನ್ನಡ ಅಷ್ಟ ಮಾತಾಡಬೇಕು. ಎರಡು ಕೂಡಿಸಿದ್ರ ಹಂಗ ಒದರತೈತಿ,” ಎಂದ ಮೃತ್ಯುಂಜಯ, ಮೀಟರಿಗೆ ಕೇಳಿಸದಷ್ಟು ದೂರದ ಬಾಗಿಲಲ್ಲಿ ನಿಂತು.

“ಕೂಡಿಸಿದ್ರ ಏನಾತು? ಅಕ್ಕಿ ಬ್ಯಾಳಿ ಕೂಡಿಸಿದ್ರನ ಕಿಚಡಿ.”

“ಹುಡುಗಿ ತಲ್ಯಾಗ ಗೊಂದಲ ಆಗತೈತಿ ಅವ್ವಾ.”

“ಗೊಂದಲ ಆಕಿ ತಲ್ಯಾಗಿಲ್ಲ, ನಿನ್ನ ತಲ್ಯಾಗೈತಿ,” ಎಂದು ಬಸಲಿಂಗವ್ವ ರೊಟ್ಟಿಯನ್ನು ಮೊಮ್ಮಗಳ ಬಾಯಿಗೆ ಇಟ್ಟಳು, ಮಾತಿಲ್ಲದೆ.

ಪಸಾಂಗಳ ಪಾಡು ಇನ್ನೂ ಕಷ್ಟದ್ದು. ನಿಯಮದ ಪ್ರಕಾರ ಅವಳ ಪಾಲಿಗೆ ಟಿಬೆಟನ್ ಒಂದೇ. ಆದರೆ ನಲವತ್ತು ಚಳಿಗಾಲ ಹುಬ್ಬಳ್ಳಿಯ ಮಕ್ಕಳಿಗೆ ಸ್ವೆಟರ್ ತೊಡಿಸಿ ನೋಡಿದ ಕೈ ಅದು. ಮಗುವಿನ ತಲೆಯ ಮೇಲಿಂದ ಸ್ವೆಟರ್ ಇಳಿಯಿತೆಂದರೆ ಅವಳ ಬಾಯಿಂದ “ಕೈ ಹಾಕು ಪುಟ್ಟಿ, ಹಾಂ, ಇನ್ನೊಂದ್ ಕೈ, ಚಲೋ ಕಾಣಸ್ತಿ” ಎಂದೇ ಬರುವುದು. ಟಿಬೆಟನ್ನಿನಲ್ಲಿ ಹೇಳಲು ಹೋದರೆ ಕೈ ತಡವರಿಸಿ ಮಗುವಿನ ತಲೆ ತೋಳಿನೊಳಗೆ ಸಿಕ್ಕಿಕೊಳ್ಳುತ್ತಿತ್ತು. ಕೊಂಯ್, ಕೊಂಯ್, ಕೊಂಯ್.

ಹತ್ತು ದಿನ ಕಳೆಯುವುದರೊಳಗೆ ಮನೆ ತಣ್ಣಗಾಯಿತು. ಇಬ್ಬರು ಅಜ್ಜಿಯರೂ ಸನ್ನೆಯಲ್ಲಿ ಮಾತಾಡಲು ಕಲಿತರು. ಸಂಜೆ ಮೃತ್ಯುಂಜಯ ಬಾಗಿಲಿಗೆ ಬಂದನೆಂದರೆ ಆ ಸನ್ನೆಯೂ ನಿಲ್ಲುವುದು. ಅಪ್ಪಿತಪ್ಪಿ ಯಾರಾದರೂ ಬಾಯಿ ತೆರೆದರೆ ಅವನು ತುಟಿಯ ಮೇಲೆ ಬೆರಳಿಡುವನು. ಡ್ಯೂಟಿ ಮುಗಿಸಿ ಬಂದ ದೆಚೆನ್ ಒಂದು ದಿನ ಚಪ್ಪಲಿ ಬಿಡುತ್ತಲೇ, “ಯಾರ್ ಹೋದ್ರು?” ಎಂದು ಗಾಬರಿಯಿಂದ ಕೇಳಿದಳು. ಯಂಗವ್ವ ಮಾತ್ರ ಆ ದಿನಗಳಲ್ಲಿ ಹೊಸದೊಂದು ಪದ ಕಲಿತಳು. ಯಾರು ಏನು ಹೇಳಿದರೂ ಥೇಟು ಮೀಟರಿನಂತೆಯೇ ಕೊಂಯ್ ಎನ್ನುತ್ತಿದ್ದಳು.

ಕೇಂದ್ರದಲ್ಲಿ ನಲವತ್ತೇಳನೆಯ ಮನೆಯ ಗೆರೆ ನೆಲಕ್ಕೆ ಬಿದ್ದಿತ್ತು. ದಿನಕ್ಕೆ ಹದಿನಾಲ್ಕು ಸಾವಿರ ಪದ ಇದ್ದದ್ದು ಒಂಬೈನೂರಕ್ಕೆ ಬಂದಿತ್ತು. ಕೇಂದ್ರದ ನಿರ್ದೇಶಕರು ಡಾಕ್ಟರ್ ಪ್ರಹ್ಲಾದ ಗಲಗಲಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ಪರದೆ ನೋಡಿದರು.

“ಮೃತ್ಯುಂಜಯ, ಇದು ಯಾರ ಮನೀ? ಮಂದಿ ಇದ್ದಾರೋ, ಮನೀ ಖಾಲಿ ಅದನೋ?”

“ನಮ್ಮನೀನ ಸರ್.”

“ಹುಡುಗಿಗೆ ಮೂರು ಯಾವಾಗ ತುಂಬತದ?”

“ಇನ್ನ ಎರಡು ತಿಂಗಳು ಸರ್.”

“ನಿಯಮ ನಿಮಗ ನಾ ಹೇಳಬೇಕಾಗಿಲ್ಲ,” ಎಂದು ಗಲಗಲಿಯವರು ಕನ್ನಡಕ ಮೇಲೇರಿಸಿಕೊಂಡು ಹೋದರು.

ಆ ರಾತ್ರಿ ಮಗಳು ಮಲಗಿದ ಮೇಲೆ ಅವನು ಊಟದ ಹೊತ್ತಿಗೆ ವಿಷಯ ತೆಗೆದ. ಹೀಗೇ ಹೋದರೆ ಆದೇಶ ಬರುತ್ತದೆ. ಶಾಲೆಯ ಭಾಷೆ ಕನ್ನಡ, ಪಸಾಂಗಳ ಅಂಗಡಿ ಕನ್ನಡ ಅದಕ್ಕೆ ಸಾಲದು. ಅವಳು ಮೂರು ವರ್ಷ ಈ ಮನೆಗೆ ಬರುವಂತಿಲ್ಲ, ದೆಚೆನ್ ಮಗಳ ಜೊತೆ ತನ್ನ ಭಾಷೆ ಆಡುವಂತಿಲ್ಲ. ದೆಚೆನ್ ತುತ್ತು ಕೆಳಗಿಟ್ಟಳು.

“ಹಂಗಂದ್ರ ನನ್ನ ಮಗಳಿಗೆ ನಾನು ಜೋಗುಳ ಯಾವ ಭಾಷಾದಾಗ ಹಾಡ್ಲಿ? ನಿಮ್ಮ ಕೇಂದ್ರದಿಂದ ಕಳಸ್ತೀರೇನು?”

“ಮಾತು ಹೆಚ್ಚ ಆಗಬೇಕು. ಮೀಟರಿನ್ಯಾಗ ಮಾತು ಬೀಳಬೇಕು, ಅಷ್ಟ,” ಎಂದ. ಇಬ್ಬರು ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುವಾರ ಪವಾಡವೇ ಆಯಿತು. ನಲವತ್ತೇಳನೆಯ ಮನೆಯ ಗೆರೆ ಎದ್ದು, ಪಕ್ಕದ ಗೆರೆಗಳನ್ನು ದಾಟಿ, ಪರದೆಯ ತುದಿ ಮುಟ್ಟಿತು. ದಿನಕ್ಕೆ ಮೂವತ್ತೆಂಟು ಸಾವಿರ ಪದ. ಹನ್ನೊಂದು ಭಾಷೆ. ನಾನೂರು ಬಾಯಿ. ಹೆಚ್ಚು ಬಿದ್ದ ಮಾತುಗಳ ಪಟ್ಟಿಯಲ್ಲಿ ಮೊದಲನೆಯದು “ಎಷ್ಟ್ರೀ?”, ಎರಡನೆಯದು “ಭಾಳ ಆತು”, ಮೂರನೆಯದು “ಕಡೀ ಮಾತ್ ಹೇಳ್ರಿ”.

ಗಲಗಲಿಯವರು ಎರಡು ಸಲ ಕನ್ನಡಕ ಒರೆಸಿಕೊಂಡರು. “ಏನ್ ಮಾಡ್ಲಿಕ್ಕತ್ತಾರ ನಿಮ್ಮ ಮನ್ಯಾಗ?”

ಮೃತ್ಯುಂಜಯ ಯೋಚಿಸಿದ. ಸ್ವೆಟರ್ ಮಾರುವ ಬೀಗತಿಯಿಂದ ಕಲಿತು ಅವ್ವ, ಹಗಲೊತ್ತು ಮನೆಗೆ ನೆರೆಹೊರೆಯವರನ್ನು ಕರೆಸಿ ಮಗುವಿನ ಜೊತೆ ಅಂಗಡಿ ಆಟ ಆಡುತ್ತಿರಬೇಕು. ಬೇರೇನಿದ್ದೀತು? ಹಾಗೆಂದೇ ಹೇಳಿದ. ಗಲಗಲಿಯವರ ಮುಖ ಹುರಿಗಡಲೆಯಂತೆ ಅರಳಿತು. ಎಣಿಕೆ ಇದೆ, ಪ್ರಶ್ನೆ ಇದೆ, ಉತ್ತರ ಇದೆ. ಮಗುವಿಗೆ ಇನ್ನೇನು ಬೇಕು? ಅದಕ್ಕೆ ‘ಸಂತೆ ವಿಧಾನ’ ಎಂದು ಹೆಸರಿಟ್ಟು, ಹದಿನೈದು ಪುಟದ ಲೇಖನ ಬರೆದು ಕಳಿಸಿದರು. ಅಲ್ಲಿಗೇ ಬಿಡಲಿಲ್ಲ. ಸೊರಗಿದ ಗೆರೆಯ ಅರವತ್ತು ಮನೆಗಳಿಗೆ ಸೂಚನೆ ಹೋಯಿತು. ಅಂದಿನಿಂದ ಧಾರವಾಡದ ಅರವತ್ತು ಮನೆಗಳಲ್ಲಿ ಓದಿದ ತಂದೆತಾಯಂದಿರು ಬೆಳಿಗ್ಗೆ ಎದ್ದು, ಹಾಲಿನ ಬಾಟಲಿ ಕೈಯಲ್ಲಿ ಹಿಡಿದು, ತೊದಲುವ ಕೂಸಿನ ಮುಂದೆ ಕೂತು ಚೌಕಾಸಿ ಮಾಡತೊಡಗಿದರು.

ಮನೆಯಲ್ಲಿ ಮೃತ್ಯುಂಜಯ ತಾಯಿಯನ್ನು ಕೇಳಿದ. “ಅವ್ವಾ, ಹಗಲೊತ್ತು ಮನಿಗೆ ಭಾಳ ಮಂದಿ ಬರ್ತಾರೇನು?”

“ಮಂದಿಗೇನ್ ಕಡಿಮಿ ಐತಪಾ ಜಗತ್ತಿನ್ಯಾಗ,” ಎಂದು ಬಸಲಿಂಗವ್ವ ಹಿಟ್ಟು ನಾದುವುದನ್ನು ಮುಂದುವರಿಸಿದಳು. “ಅದಿರಲಿ, ಯಂಗವ್ವ ಇವತ್ತು ಕಾಗಿ ಜೋಡಿ ಜಗಳಾಡಿದ್ಲು.”

“ಮೀಟರಿನ್ಯಾಗ ಆಕಿ ದನಿ ಒಂದೂ ಬಿದ್ದಿಲ್ಲ ಅವ್ವಾ.”

“ಅಂದ್ರ ಆಡಿಲ್ಲ ಬಿಡು,” ಎಂದಳು ಅವಳು. ಆಮೇಲೆ ಮೊಮ್ಮಗಳ ಸುದ್ದಿಯನ್ನು ಮಗನಿಗೆ ಹೇಳುವುದನ್ನೇ ಬಿಟ್ಟಳು. ದೆಚೆನ್ ಕೂಡ ಒಂದೆರಡು ಸಲ ಹೇಳಿ, ಅದೇ ಉತ್ತರ ಕೇಳಿ, ಸಾಕಾಗಿ ಸುಮ್ಮನಾದಳು.

ಯಂಗವ್ವನಿಗೆ ಮೂರು ತುಂಬಲು ಎರಡು ದಿನ ಇತ್ತು. ಗಲಗಲಿಯವರು ತಾವೇ ಮನೆಗೆ ಬಂದು ಪರೀಕ್ಷೆ ಮಾಡುವುದಾಗಿ ಹೇಳಿದ್ದರು. ಮೃತ್ಯುಂಜಯ ಅತ್ತೆಗೊಂದು ಕೃತಜ್ಞತೆ ಹೇಳೋಣವೆಂದು ಧಾರವಾಡ ಪೇಢೆಯ ಪೊಟ್ಟಣ ಹಿಡಿದು ಹುಬ್ಬಳ್ಳಿಗೆ ಹೋದ. ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಮುಂದುಗಡೆ ಮೂರು ವರ್ಷದ ಮಗುವಿನ ಅಳತೆಯ ಪ್ಲಾಸ್ಟಿಕ್ ಗೊಂಬೆ ನಿಂತಿತ್ತು. ಅದಕ್ಕೆ ಕೆಂಪು ಸ್ವೆಟರು. ಸ್ವೆಟರಿನ ಎದೆಯ ಮೇಲೆ ಕೇಂದ್ರದ ಮೀಟರು.

ಒಬ್ಬ ಹೆಂಗಸು ಗೊಂಬೆಯ ತೋಳು ಹಿಡಿದೆಳೆದು “ಕಡೀ ಮಾತ್ ಹೇಳ್ರಿ” ಎಂದಳು. ಮೃತ್ಯುಂಜಯ ಬಗ್ಗಿ ಮೀಟರಿನ ನಂಬರು ನೋಡಿದ: ನಲವತ್ತೇಳು.

“ಅಳಿಯಾ, ಬಾ, ಕೂಡು,” ಎಂದಳು ಪಸಾಂಗ್, ಏನೂ ಆಗದವಳಂತೆ. “ನೀನ ಹೇಳಿದ್ಯಲ್ಲ, ಮೀಟರಿಗೆ ಮಾತು ಬೇಕು ಅಂತ. ಮನ್ಯಾಗ ಮಾತಿಲ್ಲ. ಇಲ್ಲಿ ಬೇಕಾದಷ್ಟು. ಮುಂಜಾನೆ ಪುಟ್ಟಿ ಅಂಗಿಯಿಂದ ಬಿಚ್ಕೊಂಡು ಬರ್ತೀನಿ, ಸಂಜಿಗೆ ಮತ್ತ ಹಚ್ತೀನಿ.”

ಮನೆಗೆ ಬಂದು ಅವನು ಎಗರಾಡಿದ. ಒಂದೂವರೆ ತಿಂಗಳ ಲೆಕ್ಕವೆಲ್ಲ ಸುಳ್ಳು. ಲೇಖನ ಸುಳ್ಳು. ಅರವತ್ತು ಮನೆಗಳಲ್ಲಿ ಚೌಕಾಸಿ ನಡೆದಿದೆ. ಬಸಲಿಂಗವ್ವ ಅವನು ಸುಸ್ತಾಗುವವರೆಗೆ ಕಾದು, ಸೆರಗಿನಿಂದ ಕೈ ಒರೆಸಿಕೊಂಡಳು.

“ಮನ್ಯಾಗ ಹೆಪ್ಪಿಲ್ಲಂದ್ರ ಏನ್ ಮಾಡ್ತೀವಿ? ನೆರಮನ್ಯಾಗ ಇಸ್ಕೊಂಡು ಬರ್ತೀವಿ. ಸಕ್ಕರಿ ಇಲ್ಲಂದ್ರ ಇಸ್ಕೊಂಡು ಬರ್ತೀವಿ. ನೀ ಮಾತು ಬೇಕಂದಿ. ನಮ್ಮನ್ಯಾಗಿಂದು ನೀ ಬಂದ್ ಮಾಡಿದ್ದಿ. ಬೀಗತಿ ಸಂತ್ಯಾಗ ಇಸ್ಕೊಂಡು ಬಂದ್ಲು. ಇದರಾಗ ತಪ್ಪೇನು?”

“ಅವ್ವಾ, ಹುಡುಗಿ ಮಾತಾಡಬೇಕಾಗಿತ್ತು, ಮೀಟರ್ ಅಲ್ಲ.”

“ಅದನ್ನ ನೀವು ಈಗ ಹೇಳಾಕತ್ತೀರಿ,” ಎಂದಳು ದೆಚೆನ್. “ಆಕಿ ಮಾತಾಡ್ತಾಳ. ಮೀಟರ್ ಅಂಗಡಿಗೆ ಹೋದಾಗಿಂದ ಬಾಯಿ ಮುಚ್ಚಿಲ್ಲ ಹುಡುಗಿ. ನಿಮ್ಮ ಮುಂದ ಅಷ್ಟ ಆಡಂಗಿಲ್ಲ.”

ಅವನು ಮಗಳ ಕಡೆ ನೋಡಿದ. ಯಂಗವ್ವ ಕಂಬಕ್ಕೆ ಆತು ನಿಂತು, ಎರಡೂ ತುಟಿ ಒಳಗೆ ಎಳೆದುಕೊಂಡು, ಅವನನ್ನೇ ದಿಟ್ಟಿಸುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡ ಮೃತ್ಯುಂಜಯ. ನಂಬಲಿಲ್ಲ.

ಸೋಮವಾರ ಗಲಗಲಿಯವರು ಚಿತ್ರದ ಕಾರ್ಡುಗಳ ಚೀಲ ಹಿಡಿದು ಬಂದರು. ಬಾಗಿಲಲ್ಲೇ ಮೃತ್ಯುಂಜಯ ಎಲ್ಲವನ್ನೂ ಒಪ್ಪಿಕೊಂಡ. ಅವರು ಚಪ್ಪಲಿ ಅರ್ಧ ಬಿಚ್ಚಿದ್ದವರು ಹಾಗೇ ನಿಂತರು.

“ಗೊಂಬಿಗೆ ಹಾಕಿದ್ದರಾ? ನಾ ಒಂದು ಗೊಂಬಿ ಮ್ಯಾಲೆ ಹದಿನೈದು ಪುಟ ಬರದೆನೇನು?”

“ಹೌದು ಸರ್.”

ಗಲಗಲಿಯವರು ಉಸಿರು ಬಿಟ್ಟು, ಒಳಗೆ ಬಂದು, ಚಾಪೆಯ ಮೇಲೆ ಕೂತರು. ಗೊಂಬೆಯ ಮಾತು ಆಮೇಲೆ, ಹುಡುಗಿಯ ಪರೀಕ್ಷೆ ಮೊದಲು ಎಂದರು. ಒಂದು ಕಾರ್ಡು ತೋರಿಸಿದರು. ಯಂಗವ್ವ ಅಪ್ಪನ ಕಡೆ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎರಡನೆಯ ಕಾರ್ಡು. ಮೂರನೆಯದು. ಹತ್ತನೆಯದು. ಒಂದು ಪದವಿಲ್ಲ. ಪಸಾಂಗ್ ಮಣಿಸರ ತಿರುಗಿಸುತ್ತಿದ್ದಳು. ದೆಚೆನ್ ಗೋಡೆಗೆ ಮುಖ ಮಾಡಿದಳು. ಗಲಗಲಿಯವರು ಚೀಲದಿಂದ ಆದೇಶದ ಹಾಳೆ ತೆಗೆದು, ಪೆನ್ನಿನ ಮುಚ್ಚಳ ತೆಗೆದರು. ಮೃತ್ಯುಂಜಯನಿಗೆ ಆ ಹಾಳೆಯ ಒಂದೊಂದು ಸಾಲೂ ಬಾಯಿಪಾಠ. ತಾನೇ ಮೂರು ಸಲ ತಿದ್ದಿದ್ದು.

“ಸಾಹೇಬರ, ಒಂದ್ ತಟಗು ತಡೀರಿ,” ಎಂದಳು ಬಸಲಿಂಗವ್ವ. ಮಗನ ಕಡೆ ತಿರುಗಿದಳು. “ಮುತ್ತು, ನೀ ಹೊರಗ ಹೋಗು.”

“ನಾನ್ಯಾಕ ಅವ್ವಾ?”

“ಹೋಗಪಾ. ಬಾಗಲಾ ಹಾಕ್ಕೊಂಡು ಹೋಗು.”

ಅವನು ಹೋದ. ಕಟ್ಟೆಯ ಮೇಲೆ, ತನ್ನದೇ ಮನೆಯ ಚಪ್ಪಲಿಗಳ ನಡುವೆ ನಿಂತ. ಒಳಗಿನಿಂದ ಅವನು ಎಂದೂ ಕೇಳದ ಒಂದು ದನಿ ಕೇಳಿಸಿತು. ತೆಳ್ಳಗೆ, ಚುರುಕಾಗಿ, ಸ್ವಲ್ಪ ಜೋರು ಮಾಡುವ ದನಿ.

“ಆಯಿ, ಅಪ್ಪ ಹೋದ. ಇದು ಎಮ್ಮಿ. ಎಮ್ಮಿಗೆ ಕೂದ್ಲ ಭಾಳ.”

“ಎಮ್ಮಿ ಅಲ್ಲ,” ಎಂದಳು ಪಸಾಂಗ್.

ಮಗು ಥಟ್ಟನೆ ಅವಳ ಕಡೆ ತಿರುಗಿರಬೇಕು, ಟಿಬೆಟನ್ನಿನಲ್ಲಿ ನಾಲ್ಕು ಮಾತು ಆಡಿತು. ಅದರಲ್ಲಿ ಯಾಕ್, ಹಿಮದ ನಾಡಿನ ಆ ಉದ್ದ ಕೂದಲಿನ ದನ, ಎನ್ನುವುದೊಂದು ಮೃತ್ಯುಂಜಯನಿಗೆ ತಿಳಿಯಿತು. ಮತ್ತೆ ಬಸಲಿಂಗವ್ವನಿಗೆ ಕನ್ನಡದಲ್ಲಿ, “ಮೋಲಾಗ ಯಾಕ್, ಆಯಿಗ ಎಮ್ಮಿ. ಎರಡೂ ನಂದು. ಅಜ್ಜಾ, ಪೆನ್ ಎಷ್ಟ್ರೀ?”

“ಇದು ಮಾರೂದಲ್ಲವಾ,” ಎಂದರು ಗಲಗಲಿಯವರು.

“ಕಡೀ ಮಾತ್ ಹೇಳ್ರಿ.”

ಗಲಗಲಿಯವರು ಮೊದಲು ಬೆರಳಲ್ಲಿ ಎಣಿಸಿದರು, ಆಮೇಲೆ ಹಾಳೆಯ ಹಿಂಬದಿಯಲ್ಲಿ ಗೀಟು ಹಾಕಿದರು, ನೂರ ಹತ್ತಾದ ಮೇಲೆ ಬಿಟ್ಟರು. ಅವರು ಇಟ್ಟ ಚಿತ್ರದ ಪುಸ್ತಕವನ್ನು ಯಂಗವ್ವ ತಲೆಕೆಳಗಾಗದಂತೆ ಹಿಡಿದು, ಎಡಗಡೆಯ ಪುಟವನ್ನು ಒಬ್ಬ ಅಜ್ಜಿಗೂ ಬಲಗಡೆಯ ಪುಟವನ್ನು ಇನ್ನೊಬ್ಬ ಅಜ್ಜಿಗೂ ಓದಿ ಹೇಳತೊಡಗಿದಳು. ಕಥೆ ಎರಡು ಬೇರೆ ಬೇರೆ.

ಬಾಗಿಲು ತೆರೆದು ಗಲಗಲಿಯವರು ಹೊರಗೆ ಬಂದಾಗ ಮೃತ್ಯುಂಜಯ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಒದ್ದೆಯಾಗಿತ್ತು.

“ಒಂದು ಬಾಯಿಗೆ ಒಂದು ಭಾಷಾ, ಈ ನಿಯಮ ಬರದಾವ ಯಾರು?”

“ನಾನ ಸರ್.”

“ನಿಮ್ಮ ಮಗಳು ಅದನ್ನ ಪಾಲಿಸ್ಯಾಳ ನೋಡ್ರಿ. ಆಯಿಗೊಂದು, ಮೋಲಾಗೊಂದು. ಆಕಿಗೆ ನೀವು ಏನ್ ಕೊಟ್ಟಿದ್ದಿರೋ ಅದನ್ನ ನಿಮಗ ತಿರುಗಿ ಕೊಟ್ಟಾಳ.” ಆದೇಶದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ಎರಡು ಹೆಜ್ಜೆ ಹೋಗಿ ತಿರುಗಿದರು. “ಆ ಅರವತ್ತು ಮನಿ ಸಂತಿ ನಡೀಲಿ ಬಿಡ್ರಿ. ನಲವತ್ತು ಮನ್ಯಾಗ ಹುಡುಗರು ಬಾಯಿ ಬಿಟ್ಟಾರ. ಯಾಕಂತ ಮಾತ್ರ ನಂಗ ಈಗ ತಿಳೀತು. ಅಪ್ಪ ಅವ್ವ ಎದುರು ಕೂತು ಮಾತಾಡ್ಲಿಕ್ಕತ್ತಾರ.”

ಮೃತ್ಯುಂಜಯ ಒಳಗೆ ಬಂದ. ಯಂಗವ್ವನ ಮಾತು ನಡುವೆಯೇ ಕಡಿಯಿತು. ಕೈ ಬಾಯಿಗೆ ಹೋಯಿತು. ಬಸಲಿಂಗವ್ವ, ಪಸಾಂಗ್, ದೆಚೆನ್ ಮೂವರಲ್ಲಿ ಯಾರೂ ಅವನ ನೆರವಿಗೆ ಬರಲಿಲ್ಲ. ಅವನು ಚಾಪೆಯ ಮೇಲೆ ಮಗಳ ಎದುರು ಕೂತ. ಒಂದು ವರ್ಷದಿಂದ ಅವಳಿಗೆ ಹೇಳದೆ ಉಳಿದದ್ದರಲ್ಲಿ ಯಾವುದನ್ನು ಮೊದಲು ತೆಗೆಯಲಿ ಎಂದು ತಡಕಾಡಿದ.

“ನಾ... ಇವತ್ತು ಮುಂಜಾನೆ ಚಾ ಕುಡೀವಾಗ ಅಂಗಿ ಮ್ಯಾಲೆ ಚೆಲ್ಕೊಂಡೆ,” ಎಂದ ಕೊನೆಗೆ. “ಭಾಳ ಸುಟ್ತು. ಯಾರಿಗೂ ಹೇಳಿಲ್ಲ. ನಿನಗ ಅಷ್ಟ ಹೇಳಾಕತ್ತೇನಿ. ಶೋಕ್, ಇಲ್ಲಿ ನೋಡ ಬಾ, ಹೆಂಗ ಕಲಿ ಬಿದ್ದೈತಿ.”

ಹುಡುಗಿ ಕಲೆ ನೋಡಿದಳು. ಅವನ ಮುಖ ನೋಡಿದಳು. ಹತ್ತಿರ ಬಂದು ಅವನ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು, ಒಳಗೆ ಏನಿದೆ ಎಂಬಂತೆ ಬಗ್ಗಿ ನೋಡಿದಳು. ಆಮೇಲೆ ಮನೆಮಂದಿಯ ಕಡೆ ತಿರುಗಿ, ದೊಡ್ಡ ಸುದ್ದಿ ತಂದವಳಂತೆ ಹೇಳಿದಳು.

“ಆಯಿ, ಮೋಲಾ, ಆಮಾ, ಎಲ್ಲಾರೂ ಬರ್ರಿ. ಅಪ್ಪಗ ಮಾತು ಬಂತು.”